ಬಾಟಲಿಯ ತಳದ ಪುಡಿ

ಹುಬ್ಬತಲೈ
9 ಸೆಪ್ಟೆಂಬರ್ 2002

ಕೀರ್ತನಾ,

ಇಷ್ಟು ವರ್ಷ ಸುಮ್ಮನಿದ್ದು ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಅಂತ ನೀನು ಅಂದುಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೌದು, ಕೆಲಸ ಬಿದ್ದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ನಮ್ಮ ಮನೆಯ ಫೋನ್ ನಡುಮನೆಯಲ್ಲಿದೆ, ಮಾತಾಡಿದರೆ ಮಾವನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರಿಗೂ ಕೇಳುತ್ತದೆ. ತಮಿಳಿನಲ್ಲಿ ಬರೆದರೆ ಓದದವರಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಕಲಿತ ಈ ಕನ್ನಡ ಅಕ್ಷರ ಇಡೀ ಹಟ್ಟಿಯಲ್ಲಿ ನನ್ನೊಬ್ಬಳಿಗೇ ಬರುವುದು. ಇದನ್ನು ಕಲಿತು ಏನುಪಯೋಗ ಅಂತ ಆಗ ಗೊಣಗುತ್ತಿದ್ದವಳೂ ನಾನೇ.

ವಿಷಯ ಇದು. ನಮ್ಮ ಹಟ್ಟಿಯ ಮೇಲಿನ ಗುಡ್ಡದಲ್ಲಿ ಎರಡು ವರ್ಷದ ಹಿಂದೆ ಒಂದು ರೆಸಾರ್ಟ್ ಎದ್ದಿತು. ಅವರ ಕಕ್ಕಸು, ಬಚ್ಚಲು, ಅಡುಗೆಮನೆಯ ನೀರೆಲ್ಲ ಒಂದು ದೊಡ್ಡ ತೊಟ್ಟಿಗೆ ಹೋಗಿ, ಅಲ್ಲಿ ಶುದ್ಧವಾಗಿ, ಪೈಪಿನಲ್ಲಿ ನಮ್ಮ ಹಳ್ಳಕ್ಕೆ ಬೀಳುತ್ತದಂತೆ. ಶುದ್ಧವಾಗುತ್ತದೆ ಅನ್ನುವುದು ಅವರ ಮ್ಯಾನೇಜರನ ಮಾತು. ಆ ಹಳ್ಳದ ನೀರೇ ನಮ್ಮ ಮನೆಗಳಿಗೆ ಬರುವುದು. ಮಳೆ ಶುರುವಾದಾಗಿನಿಂದ ಹಟ್ಟಿಯ ಮಕ್ಕಳಿಗೆಲ್ಲ ಭೇದಿ. ನನ್ನ ಮಗಳು ಮೋನಿಷಾಗೆ ಇನ್ನೂ ಮೂರು ವರ್ಷ. ಎರಡು ಸಲ ಕೂನೂರಿನ ಆಸ್ಪತ್ರೆಯಲ್ಲಿ ಮಲಗಿಸಿ ಡ್ರಿಪ್ ಹಾಕಿಸಿದ್ದೇನೆ. ಕೈಯಲ್ಲಿ ನರ ಸಿಗದೆ ನರ್ಸ್ ಅವಳ ಕಾಲಿಗೆ ಸೂಜಿ ಚುಚ್ಚಿದಳು. ಅದನ್ನು ನೋಡಿದ ಮೇಲೆ ನನಗೆ ಯಾರ ಮಾತಿನಲ್ಲೂ ನಂಬಿಕೆ ಬರುತ್ತಿಲ್ಲ.

ಈಗ ಅವರು ಇನ್ನೊಂದು ಕಟ್ಟಡ ಕಟ್ಟುತ್ತಾರಂತೆ. ಅದಕ್ಕೆ ಇನ್ನೊಂದು ಪೈಪು. ಅದು ಹಟ್ಟಿಯ ಜಾಗದಲ್ಲಿ ಹಾಯಬೇಕಾದರೆ ಊರ ಕೂಟ ಒಪ್ಪಿ ಸಹಿ ಹಾಕಬೇಕು. ನನ್ನ ಮಾವ ಭೀಮನೇ ಊರ ಗೌಡರು. ಚಹಾ ಎಲೆಗೆ ಬೆಲೆ ಬಿದ್ದ ಮೇಲೆ ಅರ್ಧ ಹಟ್ಟಿಯ ಗಂಡಸರಿಗೆ ರೆಸಾರ್ಟಿನಲ್ಲೇ ಕೆಲಸ, ನನ್ನ ಗಂಡ ಸುಂದರ್ ಅವರ ವ್ಯಾನ್ ಓಡಿಸುತ್ತಾನೆ. ನೀರು ಕೆಟ್ಟಿದೆ ಅಂತ ನಾನು ಬಾಯಿಬಿಟ್ಟರೆ ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ಮಾವ ಮಾತ್ರ, “ಬಾಯಿ ಮಾತು ಬೇಡ. ರಿಪೋರ್ಟು ಕೊಂಡು ಬಾ, ನೋಡುವ” ಅಂದರು.

ನೀನು ಊಟಿಯಲ್ಲಿ ಇಂಥದೇ ಕೆಲಸ ಮಾಡುತ್ತೀಯಂತೆ. ಮಾಡಿಕೊಡುತ್ತೀಯಾ?

ನಿನ್ನ
ಸಂಗೀತಾ


ಊಟಿ
16 ಸೆಪ್ಟೆಂಬರ್ 2002

ಪ್ರೀತಿಯ ಸಂಗೀತಾ,

ನಿನ್ನ ಪತ್ರದ ಮೊದಲ ಸಾಲು ಓದಿ ಸಿಟ್ಟು ಬಂತು. ಮಗುವಿನ ಕಾಲಿಗೆ ಸೂಜಿ ಅನ್ನುವಲ್ಲಿಗೆ ಬಂದಾಗ ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಖಂಡಿತ ಮಾಡಿಕೊಡುತ್ತೇನೆ. ಆದರೆ ನಮ್ಮ ಲ್ಯಾಬಿನ ಸ್ಥಿತಿ ಮೊದಲೇ ಹೇಳಿಬಿಡುತ್ತೇನೆ.

ಇದು ಚಂದ್ರನ್ ಸಾರ್ ಅವರ ಲ್ಯಾಬ್. ಇಷ್ಟು ದಿನ ಬಾವಿ, ಬೋರ್‌ವೆಲ್ ನೀರು ಮಾತ್ರ ನೋಡುತ್ತಿದ್ದೆವು. ಈಗ ಕೊಳಚೆ ನೀರಿನ ಕ್ರಿಮಿ ಪರೀಕ್ಷೆಗೂ ಮಾನ್ಯತೆ ಬೇಕೆಂದು ಅರ್ಜಿ ಹಾಕಿದ್ದೇವೆ. ಮಾನ್ಯತೆ ಸಿಕ್ಕರೆ ನಮ್ಮ ಸೀಲ್ ಕೋರ್ಟಿನಲ್ಲೂ ನಿಲ್ಲುತ್ತದೆ, ಸಿಗದಿದ್ದರೆ ನಮ್ಮ ರಿಪೋರ್ಟ್ ಬರೀ ಕಾಗದ. ತನಿಖೆಗೆ ಹೊರಗಿನಿಂದ ಒಬ್ಬರು ಬರುತ್ತಾರೆ. ಬರುವ ಮೊದಲೇ ಗುಟ್ಟಿನ ಬಾಟಲಿಗಳನ್ನೂ ಕಳಿಸುತ್ತಾರೆ. ಅದರಲ್ಲಿ ಎಷ್ಟು ಕ್ರಿಮಿ ಇದೆ ಅಂತ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ, ನಾವು ಎಣಿಸಿ ಹೇಳಬೇಕು. ಅರ್ಜಿಯಲ್ಲಿ ಎಣಿಸುವವಳ ಹೆಸರು ನನ್ನದು. ಲ್ಯಾಬಿಗೆ ಮಾನ್ಯತೆ ಬಂದರೆ ನನ್ನ ಕೆಲಸ ಕಾಯಂ.

ನಿಯಮದ ಪ್ರಕಾರ ನಾನೇ ಬಂದು ನೀರು ತುಂಬಿಕೊಳ್ಳಬೇಕು. ಚಂದ್ರನ್ ಸಾರ್ ರಜೆ ಕೊಡುತ್ತಿಲ್ಲ. ನಾನು ಬಂದರೆ ರೆಸಾರ್ಟಿನವರ ಕಣ್ಣಿಗೂ ಬೀಳುತ್ತೇನೆ. ಸುಂದರ್ ಹೇಗೂ ಪ್ರವಾಸಿಗರನ್ನು ಕರೆದುಕೊಂಡು ಊಟಿಗೆ ಬರುತ್ತಾನಲ್ಲ, ಅವನ ಕೈಯಲ್ಲೇ ಬಾಟಲಿ ಕಳಿಸುತ್ತೇನೆ. ಬಾಯಿಗೆ ಕಟ್ಟಿರುವ ಕಂದು ಕಾಗದ ಬಿಚ್ಚು, ಪೈಪಿನ ಬಾಯಿಗೆ ಹಿಡಿದು ತುಂಬು, ಮುಚ್ಚು, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಕಳಿಸು. ಬೇರೇನೂ ಮಾಡಬೇಡ.

ಹಾಸ್ಟೆಲಿನಲ್ಲಿ ಯಾರು ಲೋಟ ಕೊಟ್ಟರೂ ಮೂಸಿ ನೋಡಿ ಇನ್ನೊಮ್ಮೆ ತೊಳೆದು ಕುಡಿಯುತ್ತಿದ್ದವಳು ನೀನು. ಹಳ್ಳದ ನೀರಿನ ಮೇಲೆ ಗುಮಾನಿ ಮೊದಲು ನಿನಗೇ ಬಂದದ್ದು ನನಗೇನೂ ಆಶ್ಚರ್ಯವಿಲ್ಲ. ಮೋನಿಷಾಗೆ ಕಾಯಿಸಿದ ನೀರನ್ನೇ ಕೊಡು.

ಪ್ರೀತಿಯಿಂದ
ಕೀರ್ತನಾ


ಹುಬ್ಬತಲೈ
1 ಅಕ್ಟೋಬರ್ 2002

ಕೀರ್ತನಾ,

ಬಾಟಲಿ ಇವತ್ತು ಸುಂದರನ ಜೊತೆ ಹೊರಟಿತು. ಈ ಪತ್ರ ಅದರ ಹಿಂದೆಯೇ ಬರುತ್ತದೆ.

ಎಲೆ ಕೀಳಲು ಹೋಗುವವಳ ಹಾಗೆ ಬುಟ್ಟಿ ಹೊತ್ತು ಹೋದೆ. ಪೈಪಿನ ಬಾಯಿಯ ಹತ್ತಿರ ಬ್ಲೀಚಿಂಗ್ ಪೌಡರಿನ ಘಾಟು, ಕಣ್ಣು ಉರಿಯಿತು. ನೀರು ನೋಡಲು ತಿಳಿಯಾಗಿಯೇ ಇತ್ತು, ಅದೇ ನನಗೆ ಸಂಶಯ. ಮೇಲಿನ ಬೇಲಿಯ ಹತ್ತಿರ ಯಾರೋ ನಿಂತು ನೋಡಿದರು. ಚಿಗುರು ಕೀಳುವಂತೆ ನಟಿಸಿದೆ. ರೆಸಾರ್ಟಿನ ಪೊದೆಯಲ್ಲಿ ಏನು ಚಿಗುರು ಬಂತು ಅಂತ ಅವರು ಕೇಳದಿದ್ದದ್ದು ಪುಣ್ಯ.

ಮನೆಯಲ್ಲಿ ಬಾಟಲಿ ಇಟ್ಟುಕೊಳ್ಳುವುದೇ ಒಂದು ಪಾಡಾಯಿತು. ಎಮ್ಮೆ ಎರಡೇ ಉಳಿದಿದ್ದರೂ ನಮ್ಮಲ್ಲಿ ಹಾಲುಕೋಣೆಯ ಶಾಸ್ತ್ರ ಹಾಗೆಯೇ ಇದೆ. ಹಾಗೊಟ್ಟು ಅನ್ನುವ ಆ ಕೋಣೆಗೆ ಮಾವನನ್ನು ಬಿಟ್ಟು ಯಾರೂ ಕಾಲಿಡುವ ಹಾಗಿಲ್ಲ, ಹೆಂಗಸರಂತೂ ಹೊಸ್ತಿಲ ಆಚೆಗೇ ನಿಲ್ಲಬೇಕು. ಹೊರಗಿನ ಒಂದು ಸೌಟೂ ಒಳಗೆ ಹೋಗದು. ನಿನ್ನ ಬಾಟಲಿಯನ್ನು ಅದರ ಗೋಡೆಗೆ ಒರಗಿಸಿದ್ದಕ್ಕೇ ಅತ್ತೆ ದೊಡ್ಡ ಗಲಾಟೆ ಎಬ್ಬಿಸಿದರು.

ನಿನ್ನ ಲಕೋಟೆಗೆ ಎರಡು ಸಲ ಅಂಟು ಹಚ್ಚಿದಂತಿತ್ತು. ನೀನೇ ಹಚ್ಚಿದ್ದಾ, ಯಾರಾದರೂ ಬಿಚ್ಚಿದ್ದಾ? ಇರಲಿ. ನಾನೂ ಒಂದು ಜಾಗ್ರತೆ ಮಾಡಿದ್ದೇನೆ. ಯಾರಾದರೂ ಆಟ ಹೂಡಲು ಹೊರಟಿದ್ದರೆ ನಡೆಯದು. ಏನು ಮಾಡಿದೆ ಅಂತ ರಿಪೋರ್ಟ್ ಬಂದ ಮೇಲೆ ಹೇಳುತ್ತೇನೆ.

ಸಂಗೀತಾ


ಊಟಿ
10 ಅಕ್ಟೋಬರ್ 2002

ಸಂಗೀತಾ,

ಲಕೋಟೆಯ ಅಂಟು ನನ್ನದೇ. ಮೋನಿಷಾಗೆ ಕಾಯಿಸಿದ ನೀರು ಕೊಡು ಅನ್ನುವ ಸಾಲು ಬರೆಯಲು ಮತ್ತೆ ಬಿಚ್ಚಿದ್ದೆ.

ರಿಪೋರ್ಟ್ ಜೊತೆಗಿಟ್ಟಿದ್ದೇನೆ. ನೀರಿನಲ್ಲಿ ಕ್ರಿಮಿ ಇಲ್ಲ. ಕಡಿಮೆ ಇದೆ ಅಂತಲ್ಲ, ಇಲ್ಲವೇ ಇಲ್ಲ. ಒಂದು ಸಲ ನೋಡಿ ನಂಬದೆ ಉಳಿದ ನೀರಿನಲ್ಲಿ ಮತ್ತೆ ಮಾಡಿದೆ, ಆಗಲೂ ಅಷ್ಟೇ. ಇದನ್ನು ಒಳ್ಳೆಯ ಸುದ್ದಿ ಅಂತ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಕಕ್ಕಸಿನ ತೊಟ್ಟಿಯಿಂದ ಬಂದ ನೀರು ಇಷ್ಟು ಚೊಕ್ಕವಾಗಿರುವುದನ್ನು ನಾನು ಕಂಡಿಲ್ಲ. ಕಾಯಿಸಿ ಆರಿಸಿದ ನೀರಿನ ಹಾಗಿದೆ.

ಕೇಳಲೇಬೇಕು, ಬೇಜಾರಾಗಬೇಡ. ನಿಜವಾಗಿ ಪೈಪಿನ ಬಾಯಿಯಿಂದಲೇ ತುಂಬಿದೆಯಾ? ಈಗ ಗುಟ್ಟಿನ ಬಾಟಲಿಗಳು ಬರುವ ಕಾಲ. ನನ್ನನ್ನು ಪರೀಕ್ಷಿಸಲು ಯಾರಾದರೂ ನಿನ್ನ ಕೈಯಿಂದ ಬೇರೆ ನೀರು ಕಳಿಸಿದರಾ ಅನ್ನುವವರೆಗೆ ನನ್ನ ತಲೆ ಓಡುತ್ತಿದೆ. ನೀನು ಮಾಡಿದ ಆ ಜಾಗ್ರತೆ ಏನು?

ಕೀರ್ತನಾ


ಹುಬ್ಬತಲೈ
17 ಅಕ್ಟೋಬರ್ 2002

ಕೀರ್ತನಾ ಅವರಿಗೆ,

ನಿಮ್ಮ ರಿಪೋರ್ಟ್ ತಲುಪಿತು. ಅದಕ್ಕಿಂತ ಮೊದಲು ರೆಸಾರ್ಟಿನ ಮ್ಯಾನೇಜರ್ ತಲುಪಿದ್ದ. ಮಾವನ ಎದುರು ಕೂತು, ನಮ್ಮ ಮನೆಯ ಕಾಫಿ ಕುಡಿದು, ನಿಮ್ಮ ಸೊಸೆಯ ಸ್ನೇಹಿತೆಯ ಲ್ಯಾಬೇ ನಮ್ಮ ನೀರು ಕ್ಲೀನ್ ಅಂದಿದೆ ಅಂತ ನಗುನಗುತ್ತಾ ಹೇಳಿ ಹೋದ. ಪೋಸ್ಟ್‌ಮ್ಯಾನ್ ಬಂದದ್ದು ಮಾರನೆಯ ದಿನ. ನನಗೆ ಬರುವ ಮೊದಲು ಅವನಿಗೆ ಯಾರು ಹೇಳಿದರು? ಹಳ್ಳದ ಕಪ್ಪೆ ಹೇಳಿತಾ?

ಕಾಯಿಸಿ ಆರಿಸಿದ ನೀರಂತೆ! ನನ್ನ ಮಗಳ ಭೇದಿ ನಾನು ಕಟ್ಟಿದ ನಾಟಕ ಅಂತ ನೇರವಾಗಿ ಬರೆಯಬಹುದಿತ್ತಲ್ಲ. ಜಾಗ್ರತೆ ಏನು ಅಂತ ಕೇಳುತ್ತೀಯಾ? ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಬೇರೆ ದಾರಿ ಹುಡುಕುತ್ತೀರಿ. ಕಳ್ಳತನ ಎಲ್ಲಿಂದ ನುಗ್ಗಬಹುದೋ ಆ ಬಾಗಿಲನ್ನು ನಾನು ಹಾಕಿದ್ದೆ. ಆದರೂ ನುಗ್ಗಿದೆ ಅಂದರೆ ಲ್ಯಾಬಿನ ಒಳಗೇ ನುಗ್ಗಿರಬೇಕು.

ಒಂದು ಸೀಲಿಗಾಗಿ, ಒಂದು ಕಾಯಂ ಕೆಲಸಕ್ಕಾಗಿ ಇಷ್ಟು ಮಾಡಿದೆಯಾ, ಕೀರ್ತನಾ? ಹೊಟ್ಟೆ ಉರಿಯುತ್ತದೆ. ನಿನ್ನ ಹತ್ತಿರ ಕೇಳಿದ್ದೇ ನನ್ನ ತಪ್ಪು. ಯಾರೋ ಗುರುತಿಲ್ಲದವರ ಹತ್ತಿರ ಕೊಟ್ಟಿದ್ದರೆ ಕನಿಷ್ಠ ಮೋಸಕ್ಕೆ ಈ ನೋವು ಇರುತ್ತಿರಲಿಲ್ಲ.

ಸಂಗೀತಾ


ಊಟಿ
29 ಅಕ್ಟೋಬರ್ 2002

ಸಂಗೀತಾ,

ಮ್ಯಾನೇಜರಿಗೆ ಹೇಗೆ ಗೊತ್ತಾಯಿತು ಅಂತ ಚಂದ್ರನ್ ಸಾರ್ ಅವರನ್ನು ಕೇಳಿದೆ. ಫೋನಿನಲ್ಲಿ ತಾವೇ ಹೇಳಿದ್ದಾಗಿ ಒಪ್ಪಿಕೊಂಡರು. ಸೀಲ್ ಸಿಕ್ಕ ಮೇಲೆ ಆ ರೆಸಾರ್ಟ್ ನಮ್ಮ ಗಿರಾಕಿ ಆಗುತ್ತದಂತೆ, ಮೊದಲೇ ಒಂದು ಒಳ್ಳೆಯ ಮಾತು ಹೇಳಿದರೆ ಏನು ತಪ್ಪು ಅಂತ ನನ್ನನ್ನೇ ಕೇಳಿದರು. ತಪ್ಪೇ. ಅದನ್ನು ಅವರ ಮುಖದ ಮೇಲೇ ಹೇಳಿದೆ. ಆ ವಿಷಯದಲ್ಲಿ ನಿನ್ನ ಸಿಟ್ಟು ನ್ಯಾಯವಾದದ್ದು.

ಆದರೆ ಎಣಿಸಿದವಳು ನಾನು. ಬಾಟಲಿಯ ಮುಚ್ಚಳ ತೆಗೆದದ್ದು ನಾನು, ತಟ್ಟೆಗೆ ಹಾಕಿದ್ದು ನಾನು, ನೋಡಿದ್ದು ನನ್ನ ಕಣ್ಣು. ನನ್ನ ಕೈಗೆ ಬಂದ ಮೇಲೆ ಅದನ್ನು ಬೇರೆ ಯಾರೂ ಮುಟ್ಟಿಲ್ಲ. ನಿನ್ನ ಕೈಯಲ್ಲಿ ಮೋಸವಿಲ್ಲ, ನನ್ನ ಕೈಯಲ್ಲೂ ಇಲ್ಲ ಅಂದರೆ ನಡುವೆ ಇದ್ದದ್ದು ಇನ್ನೊಂದೇ ಕೈ. ಅದಕ್ಕೆ ಸಂಬಳ ಕೊಡುವವರು ರೆಸಾರ್ಟಿನವರು. ನಾನು ಅವನ ಹೆಸರು ಬರೆಯುವುದಿಲ್ಲ, ನೀನೇ ಯೋಚನೆ ಮಾಡು.

ನನ್ನನ್ನು ಬಹುವಚನದಲ್ಲಿ ಕರೆದೆಯಲ್ಲ, ನಿನ್ನ ಬೈಗುಳಕ್ಕಿಂತ ಅದೇ ಜಾಸ್ತಿ ತಾಗಿತು.

ಕೀರ್ತನಾ


ಹುಬ್ಬತಲೈ
12 ನವೆಂಬರ್ 2002

ಕೀರ್ತನಾ,

ಸುಂದರನನ್ನು ಕೇಳಿದೆ. ಅವನು ಅನ್ನದ ತಟ್ಟೆಯ ಮುಂದೆ ಕೂತಿದ್ದ. “ಎನ್ನ ಕೂಸೂ ಕುಡಿಯೋ ನೀರಲ್ಲವಾ ಅದು?” ಅಂದ. ಅಷ್ಟೇ. ತಟ್ಟೆ ಬಿಟ್ಟು ಎದ್ದ. ಈಗ ರೆಸಾರ್ಟಿನ ಡ್ರೈವರುಗಳ ಕೋಣೆಯಲ್ಲೇ ಮಲಗುತ್ತಾನೆ. ಮೋನಿಷಾ ಕೇಳಿದರೆ ಅಪ್ಪನಿಗೆ ಡ್ಯೂಟಿ ಅನ್ನುತ್ತೇನೆ. ಅವನು ನಿಜ ಹೇಳಿದನೋ ಸುಳ್ಳು ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಿಲ್ಲದೆ ಇರುವುದೇ ಹಿಂಸೆ.

ನಿನ್ನ ರಿಪೋರ್ಟನ್ನು ಮಾವ ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನಮ್ಮ ದೇವಿ ಹೆತ್ತೆಯ ಹಬ್ಬ ಕಳೆದ ಮೇಲೆ ಕೂಟ ಸೇರಿ ಪೈಪಿಗೆ ಸಹಿ ಹಾಕುತ್ತಾರೆ. ಇನ್ನು ಬರೆಯಬೇಡ.

ಸಂಗೀತಾ


ಊಟಿ
21 ಡಿಸೆಂಬರ್ 2002

ಸಂಗೀತಾ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಓದಿ ಆಮೇಲೆ ಒಲೆಗೆ ಹಾಕು.

ಮೊನ್ನೆ ತನಿಖೆಯವರು ಬಂದಿದ್ದರು. ವಯಸ್ಸಾದವರು, ಮಾತು ಕಡಿಮೆ. ಬಾಟಲಿ ಹೇಗೆ ತಯಾರಿಸುತ್ತೀರಿ, ತೋರಿಸಿ ಅಂದರು. ತೋರಿಸಿದೆ. ತೊಳೆದು, ತಳಕ್ಕೆ ಚಿಟಿಕೆಯಷ್ಟು ಬಿಳಿ ಪುಡಿ ಹಾಕಿ, ಬಾಯಿಗೆ ಕಾಗದ ಕಟ್ಟಿ ಹಬೆಯಲ್ಲಿ ಬೇಯಿಸುತ್ತೇವೆ. ನೀರು ತುಂಬುವವರು ಆ ಪುಡಿಯನ್ನು ಕಸ ಅಂದುಕೊಂಡು ತೊಳೆದುಬಿಟ್ಟರೆ ಅಂತ ಅವರು ಕೇಳಿದರು. ಯಾರು ಸಾರ್ ತೊಳೆಯುತ್ತಾರೆ ಅಂತ ನಕ್ಕೆ. ನಗುವಾಗಲೇ ಹಾಸ್ಟೆಲಿನ ನಲ್ಲಿಯ ಹತ್ತಿರ ಲೋಟ ಹಿಡಿದು ನಿಂತ ನೀನು ಕಣ್ಣಮುಂದೆ ಬಂದೆ. ಆಮೇಲೆ ಅವರು ಕೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ.

ನಿನ್ನ ಹತ್ತಿರ ಒಂದೇ ಪ್ರಶ್ನೆ. ಬಾಟಲಿಯನ್ನು ತೊಳೆದೆಯಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಆ ಪುಡಿ ಬ್ಲೀಚಿಂಗ್ ಪೌಡರನ್ನು ಕೊಲ್ಲುವುದಕ್ಕೆ ಇರುವುದು. ಪೈಪಿನ ಬಾಯಿಯ ಹತ್ತಿರ ಬ್ಲೀಚಿಂಗ್ ಪೌಡರಿನ ಘಾಟು ಅಂತ ನೀನೇ ಬರೆದಿದ್ದೆ, ರೆಸಾರ್ಟಿನವರು ಅದನ್ನು ಅಲ್ಲೇ ಸುರಿಯುತ್ತಿರಬೇಕು. ಅಲ್ಲಿ ಸುರಿದರೆ ಹಳ್ಳ ಸೇರುವಷ್ಟರಲ್ಲಿ ಕ್ರಿಮಿ ಸಾಯಲು ಹೊತ್ತಿಲ್ಲ, ಆ ಮೇಲೆ ಹಳ್ಳದ ನೀರು ಸೇರಿ ಪೌಡರಿನ ಶಕ್ತಿಯೂ ಇಳಿಯುತ್ತದೆ. ಆದರೆ ಬಾಟಲಿಯೊಳಗೆ ಸಿಕ್ಕಿಕೊಂಡ ಪೌಡರಿಗೆ ಹುಬ್ಬತಲೈಯಿಂದ ಊಟಿಯವರೆಗೂ ಹೊತ್ತಿದೆ. ದಾರಿಯುದ್ದಕ್ಕೂ ಕ್ರಿಮಿಗಳನ್ನು ಕೊಲ್ಲುತ್ತಾ ಬಂದು, ನನ್ನ ಮೇಜಿಗೆ ತಲುಪುವಾಗ ಚೊಕ್ಕ ನೀರು. ನಮ್ಮ ಬಿಳಿ ಪುಡಿ ಇದ್ದರೆ ತುಂಬಿದ ಕ್ಷಣವೇ ಆ ಕೊಲೆ ನಿಲ್ಲುತ್ತದೆ. ಹಳ್ಳಕ್ಕೆ ಏನು ಬೀಳುತ್ತಿದೆಯೋ ಅದೇ ನನಗೆ ಕಾಣುತ್ತದೆ.

ಪುಡಿ ಏನಕ್ಕೆ ಅಂತ ನಾನು ಆವತ್ತೇ ಎರಡು ಸಾಲು ಬರೆಯಬೇಕಿತ್ತು. ನೀರಿನಲ್ಲಿ ಬ್ಲೀಚಿಂಗ್ ಪೌಡರ್ ಉಳಿದಿದೆಯಾ ಅಂತ ಪರೀಕ್ಷೆಯ ಮೊದಲು ನೋಡಬೇಕಿತ್ತು. ಎರಡೂ ಮಾಡಲಿಲ್ಲ. ಬೇರೇನೂ ಮಾಡಬೇಡ ಅಂತ ಬರೆದು, ಅಷ್ಟು ಸಾಕು ಅಂದುಕೊಂಡೆ.

ಕೀರ್ತನಾ


ಹುಬ್ಬತಲೈ
3 ಜನವರಿ 2003

ಕೀರ್ತನಾ,

ತೊಳೆದೆ.

ಸುಮ್ಮನೆ ಅಲ್ಲ, ಚೆನ್ನಾಗಿ ತೊಳೆದೆ. ಕಾಗದ ಬಿಚ್ಚಿದಾಗ ತಳದಲ್ಲಿ ಬಿಳಿ ಪುಡಿ ಕಂಡಿತು. ಬೇರೇನೂ ಮಾಡಬೇಡ ಅಂತ ನೀನು ಅಷ್ಟು ಬಿಗಿಯಾಗಿ ಬರೆದದ್ದು ನೆನಪಾಯಿತು. ಕ್ರಿಮಿ ಸಾಯುವ ಪುಡಿಯನ್ನು ಮೊದಲೇ ಹಾಕಿ ಕಳಿಸಿದ್ದಾರೆ, ರೆಸಾರ್ಟಿನವರ ಹತ್ತಿರ ಚಂದ್ರನ್ ಸಾರ್ ಮಾತಾಡಿಕೊಂಡಿದ್ದಾರೆ, ಪಾಪ ಕೀರ್ತನಾಗೆ ಇದು ಗೊತ್ತೇ ಇರಲಿಕ್ಕಿಲ್ಲ ಅಂದುಕೊಂಡೆ. ಅತ್ತೆಯ ಹತ್ತಿರ ಬಿಸಿನೀರು ಕೇಳಿದೆ. ಅವರಿಗೆ ಕಾರಣ ಬೇಕಾಗಿರಲಿಲ್ಲ. “ಹೊರಗಣ ಪಾತ್ರೆ, ಬಿಸಿನೀರು ಕಾಣದೆ ಏನೂ ತುಂಬಬೇಡ” ಅಂತ ತಾವೇ ಒಂದು ಚೊಂಬು ಕಾಯಿಸಿ ಕೊಟ್ಟರು. ಹಾಲು ಕರೆಯುವ ಪಾತ್ರೆಯನ್ನು, ನಮ್ಮ ಮಾತಿನಲ್ಲಿ ಹೊಣೆ ಅನ್ನುತ್ತೇವೆ, ಮಾವ ಹೇಗೆ ತೊಳೆಯುತ್ತಾರೋ ಹಾಗೆ, ಬಿಸಿನೀರು ಹಾಕಿ ಕುಲುಕಿ ಚೆಲ್ಲಿ, ಮತ್ತೆ ಹಾಕಿ ಕುಲುಕಿ ತೊಳೆದೆ. ಪುಡಿಯ ಗುರುತೂ ಉಳಿಯಲಿಲ್ಲ. ನಾನು ಮಾಡಿದ ಜಾಗ್ರತೆ ಅದೇ. ಅದನ್ನು ಹೇಳಿ ನಿನ್ನ ಹತ್ತಿರ ಶಭಾಷ್ ಅನ್ನಿಸಿಕೊಳ್ಳಬೇಕು ಅಂತ ಕಾದಿದ್ದೆ.

ಈಗ ನೀನು ಹೇಳುತ್ತೀಯ, ಆ ಪುಡಿ ಕ್ರಿಮಿಯನ್ನು ಕಾಪಾಡುವ ಪುಡಿ ಅಂತ. ನಿನ್ನ ಪತ್ರ ಮೂರು ಸಲ ಓದಿದೆ. ಮೊದಲ ಸಲ ಅಳು ಬಂತು. ಎರಡನೆಯ ಸಲ ನಾಚಿಕೆಯಾಯಿತು. ಮೂರನೆಯ ಸಲ ಓದುವಾಗ, ಎಷ್ಟು ಅನುಕೂಲದ ಕತೆ ಅನ್ನಿಸಿತು. ನಿಮ್ಮ ಲ್ಯಾಬಿನ ಮೇಲೆ ತಪ್ಪಿಲ್ಲ, ಸುಂದರನ ಮೇಲೆ ಇಲ್ಲ, ಎಲ್ಲ ತಪ್ಪೂ ಬಂದು ನನ್ನ ಬಿಸಿನೀರಿನ ಚೊಂಬಿನಲ್ಲಿ ಕೂತಿತು. ನಾನು ಓದಿದ್ದು ಚರಿತ್ರೆ. ಬಿಳಿ ಪುಡಿ ಯಾವುದನ್ನು ಕೊಲ್ಲುತ್ತದೆ, ಯಾವುದನ್ನು ಉಳಿಸುತ್ತದೆ ಅಂತ ನನಗೆ ಹೇಗೆ ತಿಳಿಯಬೇಕು? ನೀನು ಹೇಳಿದ್ದನ್ನು ನಂಬಬೇಕು, ಅಷ್ಟೇ. ಅದೇ ನನಗೆ ಕಷ್ಟ.

ಫೆಬ್ರವರಿಯ ಮೊದಲ ಭಾನುವಾರ ಕೂಟ.

ಸಂಗೀತಾ


ಊಟಿ
18 ಜನವರಿ 2003

ಸಂಗೀತಾ,

ನಿನ್ನ ಪತ್ರ ಬಂದ ದಿನವೇ ತನಿಖೆಯವರಿಗೆ ಫೋನ್ ಮಾಡಿದೆ. ಅಕ್ಟೋಬರಿನ ರಿಪೋರ್ಟ್ ತಪ್ಪು, ಮಾದರಿ ಕೆಟ್ಟಿತ್ತು, ಅದನ್ನು ಗುರುತಿಸಬೇಕಾದವಳು ಗುರುತಿಸಲಿಲ್ಲ, ರಿಪೋರ್ಟನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಹೇಳಿದೆ. ಅವರು ರಿಪೋರ್ಟಿನ ತಾರೀಖು ಕೇಳಿದರು. ಹೇಳಿದ್ದು ಒಳ್ಳೆಯದಾಯಿತಮ್ಮ, ಆದರೆ ಹೇಳಿದ ಮೇಲೆ ನಾನು ಬರೆಯಲೇಬೇಕು ಅಂದರು. ಬರೆದರು. ನಮ್ಮ ಲ್ಯಾಬಿಗೆ ಮಾನ್ಯತೆ ಇಲ್ಲ. ಮತ್ತೆ ಅರ್ಜಿ ಹಾಕಬೇಕಾದರೆ ಬೇರೆ ಹೆಸರಿನಲ್ಲಿ ಹಾಕುತ್ತೇವೆ ಅಂತ ಚಂದ್ರನ್ ಸಾರ್ ಹೇಳಿದರು. ಬೇರೆ ಹೆಸರು ಅಂದರೆ ನನ್ನ ಜಾಗಕ್ಕೆ ಬೇರೆಯವರು. ಈ ತಿಂಗಳ ಕೊನೆಯವರೆಗೆ ನಾನು ಇಲ್ಲಿರಬಹುದು.

ಅಳು ಬಂತು. ಬಚ್ಚಿಡುವುದಿಲ್ಲ. ನಿನ್ನ ಮೇಲೆ ಕೋಪವೂ ಬಂತು. ನೀನು ಒಂದು ಲೋಟವನ್ನಾದರೂ ಜೀವಮಾನದಲ್ಲಿ ತೊಳೆಯದೆ ಕುಡಿದಿದ್ದರೆ ಅಂತ ಶಪಿಸಿದೆ. ಆಮೇಲೆ ನಿನ್ನ ಮನೆಯಲ್ಲಿ ಅರ್ಧಕ್ಕೆ ಬಿಟ್ಟ ಆ ಊಟ ನೆನಪಾಯಿತು. ಸುಂದರನ ಬಗ್ಗೆ ಬರೆದ ಆ ಸಾಲನ್ನು ಬರೆಯಬಾರದಿತ್ತು. ಅವನಿಗೆ ಹೇಳು.

ಎರಡು ಬಾಟಲಿ ಕಳಿಸಿದ್ದೇನೆ. ಎರಡರ ತಳದಲ್ಲೂ ಪುಡಿ ಇದೆ. ಒಂದನ್ನು ತುಂಬಿ ಕೂಟದ ಮೊದಲೇ ನನಗೆ ತಲುಪಿಸು, ಕೆಲಸದಲ್ಲಿರುವಾಗಲೇ ಎಣಿಸುತ್ತೇನೆ. ಇನ್ನೊಂದನ್ನು ಬಿಚ್ಚದೆ ಇಟ್ಟುಕೋ. ನನ್ನ ರಿಪೋರ್ಟಿಗೆ ಸೀಲ್ ಇರುವುದಿಲ್ಲ, ಸೀಲ್ ಇರುವ ಸರ್ಕಾರಿ ಲ್ಯಾಬಿನವರು ಬಂದಾಗ ಬೇಕಾಗುತ್ತದೆ. ಪುಡಿಯ ವಿಷಯದಲ್ಲಿ ನಿನಗೆ ಕೊಡಲು ನನ್ನ ಹತ್ತಿರ ಬೇರೆ ಸಾಕ್ಷಿ ಇಲ್ಲ. ನನ್ನ ಮಾತೊಂದೇ ಇದೆ. ತೊಳೆಯಬೇಡ.

ಕೀರ್ತನಾ


ಊಟಿ
29 ಜನವರಿ 2003

ಸಂಗೀತಾ,

ಸುಂದರ್ ವ್ಯಾನಿನಲ್ಲಿ ಬರಲಿಲ್ಲ, ರಜೆ ಹಾಕಿ ಬಸ್ಸಿನಲ್ಲಿ ಬಂದ. ಐಸ್ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದನಂತೆ, ಪ್ಯಾಂಟೆಲ್ಲ ಒದ್ದೆ. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, ಮೊದಲು ಇದನ್ನು ಇಟ್ಟು ಬನ್ನಿ ಅಂದ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಬ್ಲೀಚಿಂಗ್ ಪೌಡರ್ ಉಳಿದಿದೆಯಾ ಅಂತ ಈ ಸಲ ಮೊದಲೇ ಪರೀಕ್ಷೆ ಮಾಡಿದೆ. ಇಲ್ಲ. ನೀನು ತೊಳೆದಿಲ್ಲ. ಅದೊಂದೇ ಫಲಿತಾಂಶ ಬಂದಿದ್ದರೂ ನನಗೆ ಸಾಕಾಗುತ್ತಿತ್ತು.

ಕ್ರಿಮಿಗಳಿವೆ. ಮನುಷ್ಯನ ಹೊಟ್ಟೆಯಿಂದ ಬರುವಂಥವೇ. ತಟ್ಟೆಯ ಮೇಲೆ ಒಂದರ ಪಕ್ಕ ಒಂದು ಒತ್ತಿಕೊಂಡು ಬೆಳೆದಿವೆ, ಬಿಡಿಸಿ ಎಣಿಸಲು ಆಗದಷ್ಟು. ಆ ನೀರು ಯಾರೂ ಕುಡಿಯಬಾರದು, ಮಕ್ಕಳಂತೂ ಕೈ ಕೂಡ ಅದ್ದಬಾರದು. ಇದನ್ನು ಕೂಟದಲ್ಲಿ ಓದು. ಕೆಳಗೆ ನನ್ನ ಸಹಿ ಮಾತ್ರ ಇದೆ.

ಕೀರ್ತನಾ


ಹುಬ್ಬತಲೈ
5 ಫೆಬ್ರವರಿ 2003

ನನ್ನ ಕೀರ್ತನಾ,

ಕೂಟ ಮುಗಿಯಿತು. ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ಮ್ಯಾನೇಜರ್ ಹೊಸ ಪೆನ್ನು ತಂದಿದ್ದ. ನಾನು ಎದ್ದು ನಿನ್ನ ಪತ್ರವನ್ನು ನಮ್ಮ ಹಟ್ಟಿಯ ಮಾತಿಗೆ ತಿರುಗಿಸಿ ಓದಿದೆ. ಮಾವ ಕೈ ಚಾಚಿ ಪತ್ರ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, “ಸೀಲ್ ಎಲ್ಲಿ?” ಅಂದರು. ಇಲ್ಲ ಅಂದೆ. “ಈ ಬರಹ ಎಂಗಗ ಗೊತ್ತಿಲ್ಲೆ. ನೀ ಓದಿದ್ದೇ ಇದರಲ್ಲಿ ಇದೆ ಅಂತ ಎಂಗ ಹೇಂಗೆ ನಂಬೋದು?” ಅಂದರು. ಯಾರಿಗೂ ತಿಳಿಯಬಾರದು ಅಂತ ಬರೆದುಕೊಂಡ ಅಕ್ಷರ, ಈಗ ಎಲ್ಲರಿಗೂ ತಿಳಿಯಬೇಕಾದಾಗ ನನ್ನನ್ನೇ ಕೈಬಿಟ್ಟಿತು. ನಿನ್ನ ಪುಡಿಯ ಮುಂದೆ ನಾನು ಹೇಗೆ ನಿಂತಿದ್ದೆನೋ ನನ್ನ ಮುಂದೆ ಅವರೆಲ್ಲ ಹಾಗೆ ಕೂತಿದ್ದರು.

“ಆಗ ಇಲ್ಲೆ ಅಂದವರೇ ಈಗ ಇದೆ ಅಂಬಾರ. ನಡುವೆ ಏನ ಆತು?” ಅಂತ ಮತ್ತೆ ಕೇಳಿದರು. ಹೇಳಿದೆ. ನನ್ನ ಸ್ನೇಹಿತೆಯನ್ನು ನಂಬದೆ ನಾನೇ ಬಾಟಲಿ ತೊಳೆದೆ, ತೊಳೆದದ್ದರಿಂದಲೇ ರಿಪೋರ್ಟ್ ಸುಳ್ಳಾಯಿತು, ಆ ಸುಳ್ಳನ್ನು ಸುಳ್ಳು ಅಂತ ಹೇಳಿದ್ದಕ್ಕೇ ಅವಳ ಸೀಲೂ ಹೋಯಿತು, ಕೆಲಸವೂ ಹೋಯಿತು ಅಂದೆ. ನನ್ನ ಗಂಡನ ಮೇಲೆ ಗುಮಾನಿಪಟ್ಟೆ ಅಂತಲೂ ಅಷ್ಟು ಜನರ ಎದುರು ಹೇಳಿದೆ. ಸುಂದರ್ ತಲೆ ತಗ್ಗಿಸಿ ಕೂತಿದ್ದ. ಹೆಂಗಸರ ಕಡೆಯಿಂದ ಅತ್ತೆ ಎದ್ದು ನಿಂತು, “ಬಿಸಿನೀರು ಕಾಸಿ ಕೊಟ್ಟವಳು ನಾನು. ಹೌದು, ತೊಳೆದಳು” ಅಂದು ಕೂತರು. ಅವರು ಕೂಟದಲ್ಲಿ ಮಾತಾಡಿದ್ದನ್ನು ನಾನು ಅವತ್ತೇ ಕಂಡದ್ದು.

ಮಾವ ನಂಬಿದೆ ಅನ್ನಲಿಲ್ಲ, ನಂಬಲಿಲ್ಲ ಅಂತಲೂ ಅನ್ನಲಿಲ್ಲ. ಸರ್ಕಾರದವರು ಬಂದು ನೋಡುವವರೆಗೆ ಸಹಿ ಇಲ್ಲ ಅಂತ ಹೇಳಿ ಎದ್ದರು. ಮ್ಯಾನೇಜರ್ ಪೆನ್ನು ಜೇಬಿಗೆ ಹಾಕಿಕೊಂಡು ಹೋದ. ಸೋಮವಾರ ಸುಂದರನಿಗೆ ವ್ಯಾನಿನ ಕೀಲಿ ಕೊಡಲಿಲ್ಲ. ಅವನು ಮನೆಗೆ ಬಂದ. ಈಗ ಮೋನಿಷಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಚೆ ಗುಡ್ಡದ ಊಟೆಯಿಂದ ನೀರು ತರುತ್ತಾನೆ. ನನ್ನ ಹತ್ತಿರ ಇನ್ನೂ ಪೂರ್ತಿ ಮಾತಿಲ್ಲ. ಬರುತ್ತದೆ, ಕಾಯುತ್ತೇನೆ.

ಇವತ್ತು ಬೆಳಿಗ್ಗೆ ಒಂದು ನಡೆಯಿತು. ನಿನ್ನ ಎರಡನೆಯ ಬಾಟಲಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟಿದ್ದೆ. ನೋಡಿದರೆ ಇಲ್ಲ. ನನ್ನ ಹಳೆಯ ಬುದ್ಧಿ ಮೊದಲು ಓಡಿದ್ದು ಅತ್ತೆಯ ಕಡೆಗೆ, ತೊಳೆದುಬಿಟ್ಟರು ಅಂತ. ಆಮೇಲೆ ಮ್ಯಾನೇಜರನ ಕಡೆಗೆ, ಮನೆಯೊಳಗೇ ಯಾರನ್ನೋ ಹಿಡಿದಿದ್ದಾನೆ ಅಂತ. ಪಾತ್ರೆಗಳನ್ನೆಲ್ಲ ಎಳೆದು ಹಾಕಿ ಹುಡುಕಿದೆ, ಕೂಗಾಡಿದೆ. ಮಾವ ಹಾಲು ಕರೆದು ಬಂದವರು ನನ್ನನ್ನು ಒಂದು ಸಲ ನೋಡಿ, ಹಾಲುಕೋಣೆಯ ಬಾಗಿಲು ತೆರೆದರು. ಹೊಸ್ತಿಲ ಈಚೆಗೆ ನಿಂತೇ ನೋಡಿದೆ. ಹೊಣೆಗಳ ಸಾಲಿನಲ್ಲಿ, ಅವುಗಳ ನಡುವೆ, ನಿನ್ನ ಬಾಟಲಿ ಇತ್ತು. ಬಾಯಿಗೆ ಕಟ್ಟಿದ ಕಂದು ಕಾಗದ ನೀನು ಕಟ್ಟಿದ ಹಾಗೆಯೇ ಇತ್ತು.

ಹೊರಗಿನ ಸೌಟು ಕೂಡ ಹೋಗದ ಜಾಗ ಅದು, ಕೀರ್ತನಾ. ಗೋಡೆಗೆ ಒರಗಿಸಿದ್ದಕ್ಕೇ ಗಲಾಟೆಯಾಗಿತ್ತು.

ಮಾವ ಹಾಲಿನ ಪಾತ್ರೆಯನ್ನು ಅದರ ಪಕ್ಕದಲ್ಲಿಟ್ಟು, “ಇಲ್ಲಿದ್ದರ ಯಾರೂ ತೊಳೆಯರು” ಅಂದು ಬಾಗಿಲು ಹಾಕಿಕೊಂಡರು.

ನಿನ್ನ
ಸಂಗೀತಾ